ಶುಕ್ರವಾರದ ಬಾಟಲಿ

"ಇದು ಮೀನಿಗೆ ಕೊಟ್ಟಿದ್ದು," ಎಂದ ಅಂಗಡಿಯಾತ, ಖಾಲಿ ವೈನಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ನಿಂಬೆಹಣ್ಣು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಕೆಳಗೆ ಹಾಸಿ, ಅದರ ಮೇಲೆ ಮೀನು ಮಲಗಿಸಿ ಓವನ್ನಿಗೆ ಇಟ್ಟಿದ್ದು. ಬೆಳ್ಳುಳ್ಳಿ ಜಜ್ಜಿರಲಿಲ್ಲ, ಇಡಿಯಾಗೇ ಹಾಕಿದ್ದು. ಚಳಿ ಇನ್ನೂ ಬಿಟ್ಟಿರಲಿಲ್ಲ ಆಗ."

ಕನ್ನಡಕದವರು ಕೌಂಟರಿನ ಈಚೆ ಕೈಚೀಲ ಹಿಡಿದು ನಿಂತಿದ್ದರು. ಕನ್ನಡಕದ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾದ ಮೇಲೆ ಬೀದಿಯಲ್ಲಿ ಅವರಿಗೆ ಉಳಿದಿದ್ದ ಹೆಸರು ಅದೊಂದೇ. ಇಂಥದ್ದೇ ಇನ್ನೊಂದು ಬೇಕು ಎಂದಷ್ಟೇ ಅವರು ಹೇಳಿದ್ದು. ಸಂಜೆ ಅಕ್ಕ ಊಟಕ್ಕೆ ಬರುವವಳಿದ್ದಳು. ಸಿಂಕಿನ ಕೆಳಗೆ ಕೈಯಾಡಿಸಿದಾಗ ಈ ಬಾಟಲಿ ಸಿಕ್ಕಿತ್ತು, ತಳದಲ್ಲಿ ಅಂಗಡಿಯ ಚೀಟಿ ಅಂಟಿಕೊಂಡಿತ್ತು. ಅದನ್ನೇ ಹಿಡಿದುಕೊಂಡು ಸೇತುವೆ ದಾಟಿ, ದೋಣಿಕಟ್ಟೆಯ ಹಿಂದಿನ ಓಣಿಯನ್ನು ಕೇಳಿಕೊಂಡು ಬಂದಿದ್ದರು. ಹೆಂಡತಿ ಪ್ರತಿ ಶುಕ್ರವಾರ ಇಷ್ಟು ದೂರ ಬರುತ್ತಿದ್ದಳೇ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರು. ಅವರ ಮನೆಯ ತಿರುವಿನಲ್ಲೇ ಒಂದು ವೈನಿನಂಗಡಿ ಇತ್ತು.

"ನಿಮಗೆ ಅಷ್ಟೆಲ್ಲ ಹೇಗೆ ನೆನಪಿರುತ್ತೆ?" ಎಂದರು.

"ಮೀನೂ ಹುಳಿ, ವೈನೂ ಹುಳಿ ಆದ್ರೆ ನಿಮಗೆ ಆಗಲ್ಲ ಅಲ್ವಾ. ಅದಕ್ಕೇ ಸ್ವಲ್ಪ ದುಂಡಗಿರೋದನ್ನ, ಹುಳಿ ಚುಚ್ಚದೇ ಇರೋದನ್ನ, ಹುಡುಕಿ ಕೊಟ್ಟಿದ್ದೆ. ಹಾಗಾಗಿ ನೆನಪಿದೆ."

"ನನಗಾ?"

"ನೀವು ಕನ್ನಡಕದವರು ಅಲ್ವಾ? ಕೈ ನೋಡಿದ ಕೂಡಲೇ ಗೊತ್ತಾಯ್ತು. ಹೆಬ್ಬೆರಳು ಕಿಸೆಯೊಳಗೆ, ಉಳಿದ ನಾಲ್ಕು ಬೆರಳು ಹೊರಗೆ ಇಟ್ಕೊಂಡು ನಿಲ್ತಾರೆ ಅಂತ ಅವಳು ಹೇಳ್ತಿದ್ದಳು."

ಕನ್ನಡಕದವರು ಕಿಸೆಯಿಂದ ಹೆಬ್ಬೆರಳು ತೆಗೆದರು. ಆದರೆ ಅವರ ಕಿವಿಯಲ್ಲಿ ಉಳಿದದ್ದು ಆ ಮಾತಲ್ಲ, 'ಅವಳು' ಎಂಬ ಶಬ್ದ. ಅಂಗಡಿಯವರು ಗಿರಾಕಿಯ ಹೆಂಡತಿಯನ್ನು 'ಅವಳು' ಅನ್ನುವುದಿಲ್ಲ. 'ಅವರು' ಅನ್ನುತ್ತಾರೆ, 'ನಿಮ್ಮ ಮನೆಯವರು' ಅನ್ನುತ್ತಾರೆ, 'ಮೇಡಂ' ಅನ್ನುತ್ತಾರೆ. ಈ ಶಬ್ದ ಮಾತ್ರ ಕದ ತಟ್ಟದೆ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತ ಹಾಗಿತ್ತು.

ಆತನಿಗೂ ಗೊತ್ತಾಯಿತು. ಬಾಟಲಿಯನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟ. ಎತ್ತರದ, ಸ್ವಲ್ಪ ಬಗ್ಗಿದ ಮನುಷ್ಯ. ಮುಂದೆ ಕಟ್ಟಿಕೊಂಡ ಏಪ್ರನ್ನಿಗೆ ಕೈ ಒರೆಸಿದ, ಒದ್ದೆಯಿಲ್ಲದಿದ್ದರೂ. "ಸುದ್ದಿ ಗೊತ್ತಾಯ್ತು," ಎಂದ. "ಅವಳ ಆಫೀಸಿನವರೊಬ್ಬರು ಬಂದು ಹೇಳಿದ್ರು. ಬರಬೇಕು ಅಂತ ಇದ್ದೆ. ಯಾವ ಮುಖ ಇಟ್ಕೊಂಡು ಬರೋದು ಅಂತ ತಿಳೀಲಿಲ್ಲ."

"ಗೊತ್ತಿರೋರು ಬಂದ್ರೆ ಯಾರೂ ಬೇಡ ಅಂತಿರಲಿಲ್ಲ."

"ಅವಳು ನಿಮಗೆ ಹೇಳಿರಲಿಲ್ವಾ?"

"ಏನು?"

ಆತ ಬಾಗಿಲ ಕಡೆ ನೋಡಿದ. ಹೊರಗೆ ಕಟ್ಟೆಯಲ್ಲಿ ದೋಣಿಯೊಂದು ಬಂದು ನಿಂತು, ಜನ ಇಳಿಯುವ ಸದ್ದು ಕೇಳಿಸಿತು.

"ನಾನು ಅವಳ ಮೊದಲಿನವನು," ಎಂದ.

*

ಹೊಸ ಬಾಟಲಿಯನ್ನು ಹೇಗೆ ತೆಗೆದುಕೊಂಡು ಬಂದರೋ ಕನ್ನಡಕದವರಿಗೆ ಗೊತ್ತಿರಲಿಲ್ಲ. ಸೇತುವೆಯ ನಡುವಿಗೆ ಬಂದಾಗ ಕಾಗದ ಸುತ್ತಿದ ಬಾಟಲಿ ಕಂಕುಳಲ್ಲಿತ್ತು, ಅಷ್ಟೇ. ಆತ ಕೊಟ್ಟಿದ್ದ, ಇವರ ಕೈ ತೆಗೆದುಕೊಂಡಿತ್ತು. ಕೆಳಗೆ ನದಿ ಸಂಜೆಯ ಬೆಳಕನ್ನು ಹೊತ್ತು ಅವಸರವಿಲ್ಲದೆ ಹೋಗುತ್ತಿತ್ತು.

ಮೊದಲ ಮದುವೆಯ ವಿಷಯ ಅವರಿಗೆ ತಿಳಿಯದ್ದೇನಲ್ಲ. ಹನ್ನೊಂದು ವರ್ಷದ ಹಿಂದೆ, ಮದುವೆಗೆ ಮೊದಲು, ಅವಳೇ ಹೇಳಿದ್ದಳು. ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ನಲವತ್ತೊಂದನೇ ವಯಸ್ಸಿಗೆ ಕಣ್ಣು ತೋರಿಸಲು ಇವರ ಅಂಗಡಿಗೆ ಬಂದವಳು, ಹಲಗೆಯ ಕೊನೆಯ ಸಾಲನ್ನು ಓದಲು ಒಪ್ಪಿರಲಿಲ್ಲ. ಎಲ್ಲರೂ ಅಂದಾಜಿನ ಮೇಲೆ ಏನೋ ಒಂದು ಅಕ್ಷರ ಹೇಳುತ್ತಾರೆ, ಅವಳು, "ಕಾಣಲ್ಲ ಅಂದ್ರೆ ಕಾಣಲ್ಲ. ಊಹೆ ಮಾಡಿದ್ರೆ ನಮ್ಮ ಕೆಲಸದಲ್ಲಿ ಊರಿಗೆ ಊರೇ ಹೊಟ್ಟೆ ಹಿಡ್ಕೊಂಡು ಮಲಗುತ್ತೆ," ಎಂದಿದ್ದಳು. ಆ ಮಾತಿಗೇ ಅವರು ಬಿದ್ದುಹೋಗಿದ್ದು. ಮದುವೆಯ ಮಾತು ಬಂದಾಗ ಅಷ್ಟೇ ನೇರವಾಗಿ ಹೇಳಿದ್ದಳು: "ಇಪ್ಪತ್ತೆರಡಕ್ಕೆ ಒಂದು ಮದುವೆ ಆಗಿತ್ತು, ಇಪ್ಪತ್ನಾಲ್ಕಕ್ಕೆ ಮುಗೀತು. ಜಗಳ ಗಿಗಳ ಏನಿಲ್ಲ. ಒಳ್ಳೆಯವನೇ. ಇಬ್ಬರಿಗೂ ಅಡುಗೆ ಬರ್ತಿರಲಿಲ್ಲ, ಅಷ್ಟೇ." ಅವರು ನಕ್ಕಿದ್ದರು. ಮುಂದೆ ಯಾವತ್ತೂ ಕೇಳಲಿಲ್ಲ. ಕೇಳದೇ ಇರುವುದು ದೊಡ್ಡತನ ಎಂದು ಅವರು ತಿಳಿದಿದ್ದರು.

ಅಡುಗೆ ಅವಳು ಕಲಿತದ್ದು ಈ ಮನೆಗೆ ಬಂದ ಮೇಲೆ. ಕಲಿತದ್ದೂ ಪ್ರಯೋಗಾಲಯದ ರೀತಿಯಲ್ಲೇ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ವಾರವೆಲ್ಲ ಇಬ್ಬರೂ ನಿಂತುಕೊಂಡೇ ಏನೋ ಬಾಯಿಗೆ ಹಾಕಿಕೊಳ್ಳುವವರು. ಶುಕ್ರವಾರ ಮಾತ್ರ ಆರು ಗಂಟೆಗೆ ಟೇಬಲ್ಲಿನ ಮೇಲೆ ಬಟ್ಟೆ ಹಾಸಿರುತ್ತಿತ್ತು. ಅವಳು ಅಡುಗೆಮನೆಯಿಂದ ಬಾಟಲಿ ತಂದು ಇಬ್ಬರಿಗೂ ಒಂದೊಂದು ಗ್ಲಾಸು ಬಗ್ಗಿಸುವಳು. ಇವರು ಒಂದು ಗುಟುಕು ಕುಡಿದು ಮೇಲೆ ನೋಡುವುದರೊಳಗೆ ಪ್ರಶ್ನೆ ಸಿದ್ಧವಾಗಿರುತ್ತಿತ್ತು.

"ಹೇಗಿದೆ ರೀ?"

"ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋದು ರುಚಿ ಅಲ್ಲ, ಮರ್ಯಾದೆ. ಸರಿಯಾಗಿ ಹೇಳಿ."

ಆಗ ಅವರು ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದರು. ಅವಳು ತಲೆ ವಾಲಿಸಿ, ಒಂದು ಶಬ್ದವನ್ನೂ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು. ತಮ್ಮ ಮಾತನ್ನು ಅಷ್ಟು ಗಮನ ಕೊಟ್ಟು ಇನ್ನು ಯಾರೂ ಕೇಳಿರಲಿಲ್ಲ. ನಾಲ್ಕು ತಿಂಗಳ ಹಿಂದೆ, ಒಂದು ಮಂಗಳವಾರ, ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಸಿದವಳು ಮತ್ತೆ ಏಳಲಿಲ್ಲ.

*

"ಆ ಬಾಟಲಿ ತಗೊಂಡ್ಹೋಗಿ ಸಿಂಕಿಗೆ ಸುರಿ," ಎಂದಳು ಅಕ್ಕ. ಅಕ್ಕ ಶಾಲೆಯಲ್ಲಿ ಮೂವತ್ತು ವರ್ಷ ಹೆಡ್‌ಮಿಸ್ಸಾಗಿದ್ದವಳು. ನಿವೃತ್ತಿಯಾದ ಮೇಲೂ ತೀರ್ಪು ಕೊಡುವುದನ್ನು ಬಿಟ್ಟಿರಲಿಲ್ಲ. "ಹನ್ನೊಂದು ವರ್ಷ. ನನಗೂ ಒಂದು ಮಾತು ಹೇಳಲಿಲ್ಲ ಅವಳು. ನಾನು ಅವಳನ್ನ ತಂಗಿ ಅಂದ್ಕೊಂಡಿದ್ದೆ."

"ಸುರಿದ್ರೆ ಏನು ಸಿಗುತ್ತೆ?"

"ಸಮಾಧಾನ ಸಿಗುತ್ತೆ." ಹೀಗೆ ಹೇಳಿ ಅಕ್ಕ ತಾನೇ ಬಿರಡೆ ತೆಗೆದು ಒಂದು ಗ್ಲಾಸು ಬಗ್ಗಿಸಿಕೊಂಡಳು. ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಅವಳ ಹುಬ್ಬು ಇಳಿಯಿತು. "ಮನುಷ್ಯನಿಗೆ ಕೆಲಸ ಗೊತ್ತಿದೆ, ಅದನ್ನ ಒಪ್ಪಬೇಕು," ಎಂದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಅಲ್ಲ ಕಣೋ, ಅವನು ನಿನಗೆ ಏನಾಗಬೇಕು?"

"ಏನಾಗೋದು?"

"ಹೆಂಡತಿಯ ಅಣ್ಣ ಭಾವ. ಹೆಂಡತಿಯ ತಂಗಿಯ ಗಂಡ ಷಡ್ಡಕ. ಹೆಂಡತಿಯ ಗಂಡ?"

"ಹೆಂಡತಿಯ ಗಂಡ ನಾನು," ಎಂದರು ಕನ್ನಡಕದವರು.

"ಅದು ಸರಿ. ಇನ್ನೊಬ್ಬ?" ಅಕ್ಕ ಗ್ಲಾಸನ್ನು ತಿರುಗಿಸುತ್ತ ಯೋಚಿಸಿದಳು. "ಎಷ್ಟೊಂದು ಸಂಬಂಧಕ್ಕೆ ಹೆಸರಿಟ್ಟವರು ಇದೊಂದನ್ನ ಮರೆತುಬಿಟ್ಟಿದ್ದಾರೆ ನೋಡು."

ಅಕ್ಕ ಹೋದ ಮೇಲೆ ಕನ್ನಡಕದವರು ತಟ್ಟೆ ತೊಳೆದಿಟ್ಟರು. ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ಅವರು ಮುಟ್ಟಲಿಲ್ಲ, ಸುರಿಯಲೂ ಇಲ್ಲ.

*

ಆಮೇಲಿನ ಮೂರು ವಾರ ಅವರಿಗೆ ಅರೆನಿದ್ದೆಯ ಹಾಗೆ ಕಳೆಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತ ಕೂತರೆ, ಮಧ್ಯಾಹ್ನದ ಬಿಸಿಲು ಮೇಜಿನ ಮೇಲಿನ ಗಾಜುಗಳನ್ನು ಹಾದು ಗೋಡೆಯ ಮೇಲೆ ದುಂಡು ದುಂಡು ಬೆಳಕಾಗಿ ಬೀಳುತ್ತಿತ್ತು. ಅವರು ನೋಡುತ್ತ ಕೂರುತ್ತಿದ್ದರು. ಆ ಬೆಳಕಿನಲ್ಲಿ ಹಳೆಯ ಶುಕ್ರವಾರಗಳು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಹಿಮ ಬಿದ್ದ ಶುಕ್ರವಾರ. ಕರೆಂಟು ಹೋಗಿ ಮೊಂಬತ್ತಿ ಹಚ್ಚಿದ ಶುಕ್ರವಾರ. ಅವಳು ಕೂದಲು ಕತ್ತರಿಸಿಕೊಂಡು ಬಂದು, ಇವರು ಗಮನಿಸಲಿಲ್ಲವೆಂದು ಮುನಿಸಿಕೊಂಡ ಶುಕ್ರವಾರ. ಎಲ್ಲದರಲ್ಲೂ ಈಗ ಟೇಬಲ್ಲಿಗೆ ಮೂರನೆಯ ಕುರ್ಚಿ ಇತ್ತು. ಅದರ ಮೇಲೆ ಎತ್ತರದ, ಬಗ್ಗಿದ ಒಬ್ಬ ಮನುಷ್ಯ, ಏಪ್ರನ್ನಿನಲ್ಲಿ ಕೈ ಇಟ್ಟುಕೊಂಡು, ಇವರು ಏನು ಹೇಳುತ್ತಾರೋ ಎಂದು ಕಾಯುತ್ತಿದ್ದ.

ನೋವಾದದ್ದು ಅಲ್ಲಿ. ಅವಳು ಆತನನ್ನು ನೋಡಲು ಹೋಗುತ್ತಿದ್ದಳು ಎನ್ನುವುದಕ್ಕಿಂತ, 'ಸರಿಯಾಗಿ ಹೇಳಿ' ಎಂದು ಕೇಳುತ್ತಿದ್ದುದು ಯಾರಿಗಾಗಿ ಎನ್ನುವುದು. ತಲೆ ವಾಲಿಸಿ ಅಷ್ಟು ಗಮನ ಕೊಟ್ಟು ಕೇಳಿದ್ದು, ಅದನ್ನು ಹಾಗೇ ತೆಗೆದುಕೊಂಡು ಹೋಗಿ ಇನ್ನೊಬ್ಬನಿಗೆ ಒಪ್ಪಿಸಲೋ? ತಾನು ಆ ಟೇಬಲ್ಲಿನಲ್ಲಿ ಗಂಡನಾಗಿದ್ದೆನೋ, ಬರೀ ನಾಲಿಗೆಯಾಗಿದ್ದೆನೋ?

ಮೂರನೆಯ ವಾರ ಅವರು ಒಬ್ಬ ಬಸ್ ಡ್ರೈವರಿಗೆ ಎಡಗಣ್ಣಿನ ಗಾಜನ್ನು ಬಲಕ್ಕೆ, ಬಲಗಣ್ಣಿನದನ್ನು ಎಡಕ್ಕೆ ಕೂರಿಸಿ ಕೊಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಡ್ರೈವರು ಕನ್ನಡಕ ಹಾಕಿಕೊಂಡು ಬಾಗಿಲ ತನಕ ಹೋಗಿ, ಹೊಸಿಲು ಎಲ್ಲಿದೆಯೆಂದು ಕಾಲಿನಲ್ಲಿ ತಡಕಿ, ವಾಪಸು ಬಂದ. "ಸಾರ್, ಇದು ಹಾಕ್ಕೊಂಡು ಬಸ್ಸು ಬಿಟ್ರೆ ನದಿಗೇ ಸ್ಟಾಪು," ಎಂದ.

ಕನ್ನಡಕದವರು ತಪ್ಪಾಯಿತೆಂದು ಹೇಳಿ ಗಾಜು ಬದಲಿಸಿಕೊಟ್ಟರು. ಅಂದು ಶುಕ್ರವಾರ. ನಾಲ್ಕೂವರೆಗೇ ಅಂಗಡಿಯ ಬಾಗಿಲೆಳೆದು ಸೇತುವೆಯ ಕಡೆ ಹೊರಟರು.

*

ಆತ ಒಳಗಿನ ಕೋಣೆಯಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ. ಬರುವ ತನಕ ಕನ್ನಡಕದವರು ಕಪಾಟುಗಳನ್ನು ನೋಡುತ್ತ ನಿಂತರು. ಹಿಂದಿನ ಸಲ ಗಮನಿಸಿರಲಿಲ್ಲ. ಪ್ರತಿ ಸಾಲಿನ ಅಂಚಿಗೂ ಬೆರಳುದ್ದದ ರಟ್ಟಿನ ಚೀಟಿಗಳನ್ನು ಅಂಟಿಸಿತ್ತು. ನೀಲಿ ಶಾಯಿ, ಓರೆ ಅಕ್ಷರ. ಅಕ್ಷರ ಸಣ್ಣದು, ಹತ್ತಿರ ಹೋಗಿ ಓದಿದರು.

'ಇಸ್ತ್ರಿ ಮಾಡಿಟ್ಟ ಬಟ್ಟೆಯನ್ನು ಬೀರುವಿನಿಂದ ತೆಗೆದ ಹಾಗೆ.'

ಪಕ್ಕದ್ದು: 'ಹೊಸ ಚಪ್ಪಲಿ, ಆದರೆ ಕಚ್ಚುವುದಿಲ್ಲ.'

ಅದರ ಕೆಳಗೆ: 'ಬಾಯಿಗೆ ಬೀಗ ಹಾಕಿ ಬೀಗದಕೈ ಮರೆತು ಹೋಗುತ್ತದೆ. ಮಾಂಸದ ಜೊತೆ ಮಾತ್ರ.'

ಅವರು ಇನ್ನೊಂದು ಸಾಲಿಗೆ ಹೋದರು. 'ಜ್ವರ ಬಿಟ್ಟ ಮಾರನೆಯ ಬೆಳಿಗ್ಗೆ.' ಇದು ಅವರಿಗೆ ಚೆನ್ನಾಗಿ ನೆನಪಿತ್ತು. ಆರು ವರ್ಷದ ಹಿಂದೆ, ಹತ್ತು ದಿನ ಮಲಗಿ ಎದ್ದು ಮೊದಲ ಸಲ ಟೇಬಲ್ಲಿಗೆ ಬಂದ ದಿನ. ಬಿಳಿ ವೈನು. ಕಣ್ಣಲ್ಲಿ ನೀರು ಬಂದಿತ್ತು, ನಿಶ್ಶಕ್ತಿಯಿಂದ. ಅವಳು ಏನೂ ಅನ್ನದೆ ಅವರ ಕೈಮೇಲೆ ಕೈ ಇಟ್ಟಿದ್ದಳು.

"ಅದು ಬಹಳ ಹೋಗುತ್ತೆ," ಎಂದ ಆತ, ಹಿಂದಿನಿಂದ. "ಜನ ಚೀಟಿ ಓದಿ ನಗ್ತಾರೆ, ತಗೊಂಡು ಹೋಗ್ತಾರೆ, ಆಮೇಲೆ ಬಂದು ಹೌದು ಕಣ್ರೀ ಹಾಗೇ ಇತ್ತು ಅಂತಾರೆ. ಯಾರು ಬರೆದಿದ್ದು ಅಂತ ಕೇಳಿದ್ರೆ, ನದಿಯಾಚೆ ಒಬ್ಬರಿದ್ದಾರೆ, ಅವರು ಹೇಳಿದ್ದು ಅಂತೀನಿ."

ಕನ್ನಡಕದವರು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪ್ರಶ್ನೆಗಳೆಲ್ಲ ಹಿಂದುಮುಂದಾದವು. "ನಿಮಗೇನು ಸಿಕ್ತು ಇದರಿಂದ?" ಎಂದಷ್ಟೇ ಕೇಳಿದರು.

ಆತ ಸ್ಟೂಲೊಂದನ್ನು ಇವರ ಕಡೆ ಸರಿಸಿ, ತಾನು ಪೆಟ್ಟಿಗೆಯ ಮೇಲೆ ಕೂತ. "ನಾನು ಈ ಊರಿಗೆ ಬಂದಿದ್ದು ಹನ್ನೆರಡು ವರ್ಷದ ಹಿಂದೆ. ಅವಳು ಇಲ್ಲಿದ್ದಾಳೆ ಅಂತ ಗೊತ್ತಿರಲಿಲ್ಲ, ಪ್ರಮಾಣ ಮಾಡಿ ಹೇಳ್ತೀನಿ. ಒಂದು ಶುಕ್ರವಾರ ಸಂಜೆ ದೋಣಿ ಇಳಿದು ಬಂದಳು. ನನ್ನ ನೋಡಿ ಐದು ನಿಮಿಷ ಬೆಪ್ಪಾಗಿ ನಿಂತಳು. ಆಮೇಲೆ ಏನಂದಳು ಗೊತ್ತಾ? 'ಮದುವೆ ಆಗಿದ್ದೀನಿ. ಇವತ್ತು ಬದನೆಕಾಯಿ ಸುಟ್ಟಿದ್ದೀನಿ. ಯಾವ ವೈನು ಕೊಡ್ತೀಯ?'"

"ಆಮೇಲೆ?"

"ಕೊಟ್ಟೆ. ಮುಂದಿನ ವಾರ ಬಂದು, 'ಇವರಿಗೆ ಹುಳಿ ಅನ್ನಿಸಿತು, ನಿನಗೆ ಬುದ್ಧಿ ಇಲ್ಲ' ಅಂದಳು. ಹಾಗೇ ನಡೀತು. ಬೇರೆ ಏನೂ ಇಲ್ಲ ಸಾರ್. ಹತ್ತು ನಿಮಿಷ. ಏನು ಅಡುಗೆ, ಹೇಗೆ ಮಾಡೋದು, ಹೋದ ವಾರ ನೀವು ಏನಂದ್ರಿ. ಕೂತ್ಕೋ ಅಂದ್ರೆ ಒಂದು ದಿನವೂ ಕೂರಲಿಲ್ಲ. 'ಒಲೆ ಮೇಲೆ ಇಟ್ಟು ಬಂದಿದ್ದೀನಿ' ಅಂತ ಓಡೋಳು."

"ನನಗೆ ಯಾಕೆ ಹೇಳಲಿಲ್ಲ ಹಾಗಾದ್ರೆ?"

"ಕೇಳಿದ್ದೆ. ಮೊದಲನೇ ದಿನ ಹೇಳೋಕೆ ಮರೆತಳಂತೆ, ಎರಡನೇ ದಿನ ಹೇಳೋಕೆ ಭಯ ಆಯ್ತಂತೆ, ಮೂರನೇ ದಿನಕ್ಕೆ ತಡ ಆಗಿತ್ತಂತೆ. 'ಈಗ ಹೇಳಿದ್ರೆ ಸುಮ್ಮನಿದ್ದಿದ್ದೇ ದೊಡ್ಡ ವಿಷಯ ಆಗುತ್ತೆ, ಅವರು ತಾವಾಗಿ ಕೇಳೋರೂ ಅಲ್ಲ' ಅಂದಳು."

ಕೇಳದೇ ಇದ್ದ ತಮ್ಮ ದೊಡ್ಡತನ ಕನ್ನಡಕದವರಿಗೆ ಈಗ ಒಂದು ಮುಚ್ಚಿದ ಬಾಗಿಲಿನ ಹಾಗೆ ಕಂಡಿತು, ಆ ಕಡೆ ಅವಳು ಬಾಟಲಿ ಹಿಡಿದು ನಿಂತಿದ್ದ ಹಾಗೆ.

"ನನಗೇನು ಸಿಕ್ತು ಅಂದ್ರಲ್ಲ," ಆತ ಏಪ್ರನ್ನಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡ. "ನಾನು ಮೇಲಿನ ಕೋಣೇಲಿ ಬ್ರೆಡ್ಡು ತಿಂದು ಮಲಗೋನು. ವಾರಕ್ಕೊಂದು ಸಲ ಯಾರೋ ಬಂದು, ಇವತ್ತು ಮನೇಲಿ ಇಂಥ ಅಡುಗೆ ಅಂತ ಹೇಳ್ತಾರೆ. ಸಂಜೆ ಆರು ಗಂಟೆಗೆ ಅಂಗಡೀಲಿ ಕೂತು, ಈಗ ಅಲ್ಲಿ ಬಡಿಸ್ತಿರಬೇಕು, ಈಗ ಅವರು ಮೊದಲ ಗುಟುಕು ಕುಡೀತಿರಬೇಕು ಅಂತ ಅಂದ್ಕೋತಿದ್ದೆ. ಒಬ್ಬನೇ ಇರೋನಿಗೆ ಅಷ್ಟು ಸಾಕಾಗುತ್ತೆ."

ಹೀಗೆ ಹೇಳುತ್ತ ಆತ ಕನ್ನಡಕ ತೆಗೆದು ಒರೆಸಿಕೊಂಡ. ಅದರ ಎಡಗಡೆಯ ಕಡ್ಡಿ ಬಾಗಿ, ಗಾಜು ಒಂದು ಕಡೆ ವಾಲಿತ್ತು. ಅದನ್ನು ನೋಡಿಕೊಂಡು ಸುಮ್ಮನೆ ಕೂರಲು ಕನ್ನಡಕದವರಿಂದ ಆಗಲಿಲ್ಲ. ಕೈ ಚಾಚಿದರು; ಆತ ಕೊಟ್ಟ. ಬೆರಳುಗಳ ನಡುವೆ ಹಿಡಿದು, ಉಸಿರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಕಡ್ಡಿಯನ್ನು ಮೆಲ್ಲಗೆ ನೇರ ಮಾಡಿ ವಾಪಸು ಕೊಟ್ಟರು. ಆತ ಹಾಕಿಕೊಂಡು ಕಪಾಟುಗಳ ಕಡೆ ನೋಡಿದ. "ಇಷ್ಟು ದಿನ ಸಾಲುಗಳೇ ಸೊಟ್ಟ ಅಂದ್ಕೊಂಡಿದ್ದೆ," ಎಂದ.

"ಅವಳ ಅಡುಗೆ ಹೇಗಿತ್ತು ಅಂತ ನಿಮಗೆ ಗೊತ್ತಲ್ಲ," ಎಂದರು ಕನ್ನಡಕದವರು, ಎದ್ದು ಹೊರಡುತ್ತ.

"ಎಲ್ಲಿಂದ ಗೊತ್ತು? ನನ್ನ ಜೊತೆ ಇದ್ದಾಗ ಅವಳು ಮೊಟ್ಟೆ ಬೇಯಿಸಿದ್ರೆ ಪಾತ್ರೆ ತಳ ಸೀದು ಹೋಗ್ತಿತ್ತು. ಹನ್ನೊಂದು ವರ್ಷ ನಾನು ಕಿವೀಲಿ ಕೇಳಿದ ಅಡುಗೆಗೆ ವೈನು ಕೊಟ್ಟಿದ್ದೀನಿ. ಒಂದು ಚಮಚ ಬಾಯಿಗೆ ಹಾಕಿಲ್ಲ."

ಕನ್ನಡಕದವರು ಬಾಗಿಲಲ್ಲಿ ನಿಂತರು. ಏನೋ ಲೆಕ್ಕ ಹಾಕುವವರ ಹಾಗೆ ಹೊಸಿಲನ್ನೇ ನೋಡಿದರು. "ಮುಂದಿನ ಶುಕ್ರವಾರ ಮನೆಗೆ ಬನ್ನಿ," ಎಂದರು. "ಸ್ವಲ್ಪ ಬೇಗ ಬನ್ನಿ. ನನಗೆ ಅಡುಗೆ ಬರಲ್ಲ."

*

ಸೋಮಾರಿ ಕೋಳಿ ಮಾಡುವುದೆಂದು ತೀರ್ಮಾನವಾಗಿತ್ತು. ಕೋಳಿ, ಅಣಬೆ, ಈರುಳ್ಳಿ ಒಂದೇ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬಿದ್ದುಕೊಂಡಿರುತ್ತದೆ, ಯಾರೂ ಎಬ್ಬಿಸುವ ಹಾಗಿಲ್ಲ. ಅದಕ್ಕೆ ಆ ಹೆಸರನ್ನು ಅವಳೇ ಇಟ್ಟಿದ್ದಳು. ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ದಿನವಿಡೀ ಬರೆಯುವ ಕೆಲಸ ಮಾಡಿ ಬಂದವಳು ಅಡುಗೆಮನೆಯಲ್ಲಿ ಪೆನ್ನು ಹಿಡಿಯುತ್ತಿರಲಿಲ್ಲ.

ಆತ ಮೂರು ಗಂಟೆಗೇ ಬಂದ. ತಲೆ ಬಾಚಿ, ಏಪ್ರನ್ನಿಲ್ಲದೆ, ಯಾರೋ ಬೇರೆಯವನ ಹಾಗೆ ಕಾಣುತ್ತಿದ್ದ. ಕಾಗದ ಸುತ್ತಿದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೊಸಿಲ ಹೊರಗೇ ನಿಂತು, ಒಳಗಿನ ಗೋಡೆ, ಕುರ್ಚಿ, ಕಿಟಕಿಯ ಪರದೆಯನ್ನು ಒಂದೊಂದಾಗಿ ನೋಡಿದ, ಅವಳ ಬಾಯಲ್ಲಿ ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆ ನೋಡುವವನ ಹಾಗೆ. "ಟೇಬಲ್ಲು ದುಂಡಗಿರುತ್ತೆ ಅಂದ್ಕೊಂಡಿದ್ದೆ," ಎಂದ.

"ಒಳಗೆ ಬನ್ನಿ."

ಕೆಲಸ ಸುಲಭವಾಗಿರಲಿಲ್ಲ. ಕನ್ನಡಕದವರ ಬಳಿ ಇದ್ದದ್ದು ರುಚಿ ಮಾತ್ರ. ಅದು ಪಾತ್ರೆಗೆ ಹೇಗೆ ಬರುತ್ತಿತ್ತೆಂದು ಅವರು ನೋಡಿದವರೇ ಅಲ್ಲ. ಆತನ ಬಳಿ ಇದ್ದದ್ದು ಮಾತು ಮಾತ್ರ. ಆದರೆ ಆ ಮಾತನ್ನು ಆತ ಒಂದೂ ಬಿಡದೆ ಇಟ್ಟುಕೊಂಡಿದ್ದ.

"ಈರುಳ್ಳಿ ಉದ್ದುದ್ದ ಹೆಚ್ಚಬೇಕು," ಎಂದ ಆತ, ಅಂಗಿಯ ತೋಳು ಮಡಚುತ್ತ. "ಬಣ್ಣ ಬರೋ ತನಕ ಬಿಡಬಾರದು. ಯಾವ ಬಣ್ಣ ಅಂತ ನಾನು ಕೇಳಿದ್ದಕ್ಕೆ, 'ನಿನ್ನ ಹಳೇ ಸೂಟ್‌ಕೇಸಿನ ಬಣ್ಣ' ಅಂದಿದ್ದಳು."

"ಆ ಸೂಟ್‌ಕೇಸ್ ಯಾವ ಬಣ್ಣ?"

"ಬೆಲ್ಲದ ಬಣ್ಣ. ಅಂಚಲ್ಲಿ ಕಪ್ಪು."

ಇಬ್ಬರೂ ಪಾತ್ರೆಯ ಮೇಲೆ ಬಗ್ಗಿ ಕಾದರು. ಈರುಳ್ಳಿ ನಿಧಾನವಾಗಿ ಸೂಟ್‌ಕೇಸಿನ ಬಣ್ಣಕ್ಕೆ ತಿರುಗಿತು. ಕೋಳಿ ಹಾಕಿದರು. ಅಣಬೆಯನ್ನು ತೊಳೆಯಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಎಂದು ಆತ ಹೇಳಿದ. ಕನ್ನಡಕದವರು ಗಾಜು ಒರೆಸುವ ಹಾಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ಒರೆಸಿದರು. ಮುಚ್ಚಳ ಮುಚ್ಚಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಕಿಟಕಿಯ ಬಳಿ ಕೂತರು. ಬೇಸಿಗೆಯ ಬಿಸಿಲು ಎದುರುಮನೆಯ ಗೋಡೆಯಿಂದ ಇಳಿಯುವ ಮನಸ್ಸಿಲ್ಲದೆ ಅಲ್ಲೇ ಒರಗಿಕೊಂಡಿತ್ತು. ಆತ ಇಪ್ಪತ್ತೆರಡು ವರ್ಷದ ಅವಳನ್ನು ಹೇಳಿದ: ಸೈಕಲ್ಲು ಕಲಿಯುವಾಗ ಬಿದ್ದು ಮುಂಗೈ ಮುರಿದುಕೊಂಡದ್ದು, ನಿದ್ದೆಯಲ್ಲಿ ಅಂಕಿ ಎಣಿಸುತ್ತಿದ್ದುದು. ಇವರು ಐವತ್ತರ ಅವಳನ್ನು ಹೇಳಿದರು. ನಡುವಿನ ವರ್ಷಗಳು ಇಬ್ಬರಿಗೂ ಗೊತ್ತಿರಲಿಲ್ಲ. ಅವುಗಳ ಬಳಿ ಬಂದಾಗ ಯಾರಾದರೊಬ್ಬರು ಎದ್ದು ಒಲೆಯ ಉರಿ ನೋಡಿ ಬರುತ್ತಿದ್ದರು.

ಆರು ಗಂಟೆಗೆ ಆತ ಬಾಟಲಿಯ ಬಿರಡೆ ತೆಗೆದು ಎರಡು ಗ್ಲಾಸಿಗೆ ಬಗ್ಗಿಸಿದ. ಕನ್ನಡಕದವರು ಪಾತ್ರೆಯಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆತ ಉಸಿರು ಹಿಡಿದು ನೋಡಿದ.

"ಇದಲ್ಲ," ಎಂದರು.

"ಉಪ್ಪಾ?"

"ಉಪ್ಪು ಸರಿ ಇದೆ. ಚಪ್ಪಟೆಯಾಗಿದೆ. ತಳ ಇದೆ, ಮೇಲೆ ಸೂರು ಇಲ್ಲ. ಏನೋ ಒಂದು ಬಿಟ್ಟಿದ್ದೀವಿ."

"ಅವಳು ಹೇಳಿದ್ದು ಇಷ್ಟೇ. ಒಂದೂ ಬಿಟ್ಟಿಲ್ಲ ನಾನು."

ಇಬ್ಬರೂ ಕೂತರು. ಕನ್ನಡಕದವರ ಕಣ್ಣು ಸುಮ್ಮನೆ ಟೇಬಲ್ಲಿನ ಮೇಲೆ ಓಡಾಡಿ ಬಾಟಲಿಯ ಮೇಲೆ ನಿಂತಿತು. ಅದರಲ್ಲಿ ಏನೋ ಸರಿಯಿರಲಿಲ್ಲ. ಎರಡು ಗ್ಲಾಸು ಬಗ್ಗಿಸಿಯೂ ವೈನು, ಬಾಟಲಿಗೆ ಅಂಟಿಸಿದ ಹೆಸರಿನ ಚೀಟಿಯ ಅರ್ಧಕ್ಕಿಂತ ಮೇಲೇ ಇತ್ತು. ಅವರು ನೋಡಿದ ಬಾಟಲಿಗಳಲ್ಲಿ ಅದು ಯಾವತ್ತೂ ಅಲ್ಲಿ ಇರುತ್ತಿರಲಿಲ್ಲ. ಇನ್ನೂ ಕೆಳಗೆ, ಚೀಟಿಯ ಕೊನೆಯ ಸಾಲಿನ ಹತ್ತಿರ ಇರುತ್ತಿತ್ತು. ನೂರಾರು ಶುಕ್ರವಾರ ಅದೇ ಗೆರೆ.

"ಇಷ್ಟು ಉಳೀತಿರಲಿಲ್ಲ," ಎಂದರು. "ಟೇಬಲ್ಲಿಗೆ ಬರೋವಾಗಲೇ ಒಂದು ಗ್ಲಾಸಿನಷ್ಟು ಕಡಿಮೆ ಇರ್ತಿತ್ತು."

"ಅಡುಗೆ ಮಾಡ್ತಾ ಕುಡೀತಿದ್ದಳೇನೋ."

"ಇಲ್ಲ. ಅವಳದ್ದು ಒಂದೇ ಗ್ಲಾಸು. ಅದೂ ಊಟದ ಜೊತೆ."

ಇಬ್ಬರೂ ಒಟ್ಟಿಗೆ ಒಲೆಯ ಮೇಲಿನ ಪಾತ್ರೆಯ ಕಡೆ ತಿರುಗಿದರು.

ಆತನ ಮುಖದ ಬಣ್ಣ ಇಳಿಯಿತು. ಹಣೆಗೆ ಕೈ ಹಚ್ಚಿಕೊಂಡ. "ಒಂದು ಸಲ ಕೇಳಿದ್ದಳು," ಎಂದ, ಮೆಲ್ಲನೆ. "'ಇದನ್ನ ಪಾತ್ರೆಗೆ ಒಂದಿಷ್ಟು ಹಾಕಬಹುದಾ' ಅಂತ. ನಾನು ಬೈದುಬಿಟ್ಟಿದ್ದೆ. ಆರು ವರ್ಷ ಕತ್ತಲಲ್ಲಿ ಮಲಗಿಸಿ ಬೆಳೆಸಿದ ವೈನು, ಕುದಿಯೋ ಪಾತ್ರೆಗೆ ಸುರಿದ್ರೆ ನಿನಗೆ ಇನ್ನು ಮೇಲೆ ಕೊಡಲ್ಲ ಅಂದಿದ್ದೆ. 'ಸರಿ ಮಾರಾಯ, ಹಾಕಲ್ಲ' ಅಂದಳು. ಆಮೇಲೆ ಕೇಳಲೇ ಇಲ್ಲ."

"ಯಾವಾಗ ಅದು?"

"ಮೊದಲನೇ ವರ್ಷ."

ಮೊದಲು ಕನ್ನಡಕದವರ ಭುಜ ಅಲುಗಿತು. ಅವರು ಬಾಯಿಗೆ ಕೈ ಅಡ್ಡ ಹಿಡಿದರು, ಪ್ರಯೋಜನವಾಗಲಿಲ್ಲ. ಐದು ತಿಂಗಳಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಆತ ಮೊದಲು ಸಿಟ್ಟಿನಿಂದ ನೋಡಿದ, ಆಮೇಲೆ ತಾನೂ ನಗತೊಡಗಿದ. "ಹತ್ತು ವರ್ಷ," ಎಂದ, ಕಣ್ಣೊರೆಸಿಕೊಳ್ಳುತ್ತ. "ಹತ್ತು ವರ್ಷ ಪ್ರತಿ ವಾರ ನನ್ನ ಕಣ್ಣೆದುರು ನಿಂತು, ಪಾತ್ರೆಗೆ ಏನೇನು ಹಾಕಿದೆ ಅಂತ ಸಾಸಿವೆ ಕಾಳೂ ಬಿಡದೆ ಹೇಳಿದ್ದಾಳೆ."

"ನನಗೂ ಎಲ್ಲ ಹೇಳ್ತಿದ್ದಳು," ಎಂದರು ಕನ್ನಡಕದವರು. "ದೋಣಿಯಲ್ಲಿ ಯಾರು ಸಿಕ್ಕಿದ್ರು, ಯಾವ ಬೆಕ್ಕು ಮರಿ ಹಾಕಿತು, ಎಲ್ಲ."

ಆತ ಎದ್ದು ಬಾಟಲಿ ತೆಗೆದುಕೊಂಡ. ಮುಚ್ಚಳ ಸರಿಸಿ, ಪಾತ್ರೆಯ ಮೇಲೆ ಬಾಟಲಿ ಹಿಡಿದು, ಕೈ ಬಾರದೆ ನಿಂತ. "ನೀವೇ ಹಾಕಿ," ಎಂದ.

"ನಿಮ್ಮ ವೈನು. ನೀವೇ ಹಾಕಬೇಕು."

ಆತ ಮುಖ ಆ ಕಡೆ ತಿರುಗಿಸಿಕೊಂಡು ಬಗ್ಗಿಸಿದ. ಪಾತ್ರೆ ಒಮ್ಮೆ ಸುಂಯ್ ಎಂದಿತು. ಹುಳಿ, ಹಣ್ಣು, ಹೊಗೆ ಬೆರೆತ ಆವಿ ಎದ್ದು ಇಬ್ಬರ ಮುಖಕ್ಕೂ ಬಂತು, ಆಮೇಲೆ ಬದಲಾಗುತ್ತ, ಮೆತ್ತಗಾಗುತ್ತ, ಕೋಣೆಯಿಡೀ ತುಂಬಿತು. ಕನ್ನಡಕದವರು ಚಮಚ ಕೆಳಗಿಟ್ಟರು. ರುಚಿ ನೋಡುವ ಅಗತ್ಯವೇ ಇರಲಿಲ್ಲ.

ಅರ್ಧ ಗಂಟೆ ಬಿಟ್ಟು ಬಡಿಸಿದರು. ಆತ ಮೊದಲ ತುತ್ತು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಿದ್ದ. ನುಂಗಿ, ಒಂದು ಗುಟುಕು ವೈನು ಕುಡಿದು, ಮತ್ತೆ ಒಂದು ತುತ್ತು ತಿಂದ. ತಲೆಯಾಡಿಸಿದ.

"ನಾನು ತಪ್ಪು ಕೊಟ್ಟಿದ್ದೀನಿ," ಎಂದ. "ಇಷ್ಟು ವರ್ಷ ಇದಕ್ಕೆ ತಪ್ಪು ವೈನು ಕೊಟ್ಟಿದ್ದೀನಿ. ಅವಳು ಹೇಳೋದು ಕೇಳಿ ಯಾವುದೋ ಗಂಭೀರವಾದ ಅಡುಗೆ ಅಂದ್ಕೊಂಡಿದ್ದೆ. ಇದು ಹಗುರ ಇದೆ. ಇದು ನಗುತ್ತೆ. ಇದಕ್ಕೆ ಎಳೇ ವೈನು ಕೊಡಬೇಕಿತ್ತು."

"ತಪ್ಪು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ," ಎಂದರು ಕನ್ನಡಕದವರು. ಇನ್ನೊಂದು ಸೌಟು ಆತನ ತಟ್ಟೆಗೆ ಹಾಕಿದರು.

ಹೊರಗೆ ಕಟ್ಟಡದ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದು ಬಂತು. ಹೆಂಗಸಿನ ಹೆಜ್ಜೆ, ಕೈಯಲ್ಲಿ ಭಾರವಿದ್ದವರದ್ದು. ಒಂದೊಂದೇ ಮೆಟ್ಟಿಲು ಹತ್ತಿ ಇವರ ಬಾಗಿಲಿನ ಎದುರು ಬಂದು ನಿಂತಿತು. ಚೀಲ ಕೆಳಗಿಟ್ಟ ಸದ್ದು. ಬೀಗದಕೈಗಳು ಒಂದಕ್ಕೊಂದು ತಾಗಿದವು. ಬಾಗಿಲ ಆಚೆ ಯಾರೋ ಉದ್ದಕ್ಕೆ ಉಸಿರೆಳೆದುಕೊಂಡರು.

ಟೇಬಲ್ಲಿನ ಇಬ್ಬರೂ ಕೈಯಲ್ಲಿ ಹಿಡಿದದ್ದನ್ನು ಹಾಗೇ ಹಿಡಿದು ಬಾಗಿಲ ಕಡೆ ನೋಡಿದರು.

ಚೀಲ ಮತ್ತೆ ಮೇಲೆದ್ದಿತು. ಹೆಜ್ಜೆಗಳು ಮೇಲಿನ ಮಹಡಿಯ ಕಡೆ ಹತ್ತಿಹೋದವು, ನಿಧಾನವಾಗಿ, ನಡುನಡುವೆ ನಿಲ್ಲುತ್ತ.